ಜಗಲಿ ಕಲ್ಲು ಒರಟು ಮಾಡಿಸಿದ್ದು

ದಿನಾ ಬಂದು ನಿಮ್ಮ ಜಗಲಿ ಮೇಲೆ ಕೂರೋರನ್ನ, ಬಾಯಿಬಿಟ್ಟು 'ಏಳಿ' ಅನ್ನದೆ ಎಬ್ಬಿಸೋದು ಹೇಗೆ, ಗೊತ್ತಾ ನಿಮಗೆ? ನಂಗೆ ಗೊತ್ತು ಅಂದ್ಕೊಂಡಿದ್ದೆ. ಹೇಳ್ತೀನಿ, ಒಂದೇ ಬೆರಳಲ್ಲಿ ಫೋನ್ ಕುಟ್ತಾ ಇದ್ದೀನಿ, ಸ್ವಲ್ಪ ತಾಳ್ಮೆ ಇರ್ಲಿ.

ಅಗ್ರಹಾರದ ನಮ್ಮ ಮನೆ ಬಾಗಿಲ ಪಕ್ಕ ಉದ್ದನೆ ಕಲ್ಲಿನ ಜಗಲಿ ಇದೆ. ನಮ್ಮತ್ತೆ ಕಾಲದ್ದು, ಕೂತೂ ಕೂತೂ ನುಣ್ಣಗಾಗಿದೆ. ಎದುರು ಮನೆ ನಾಗರತ್ನ ಮೂವತ್ತು ವರ್ಷದಿಂದ ದಿನಾ ಸಂಜೆ ಅಲ್ಲಿ ಹಾಜರ್. ಕೂರ್ಲಿ, ಬೇಡ ಅಂದೋರ್ಯಾರು? ಆದ್ರೆ ಮೊನ್ನೆ ನನ್ನ ಜಗಲಿ ಮೇಲೆ ಕೂತ್ಕೊಂಡೇ, 'ಇವಳ ಹುಳಿಲಿ ಬೇಳೆ ಹುಡುಕೋಕೆ ಕನ್ನಡಕ ಬೇಕು ಕಣೇ' ಅಂತ ಹೂವಿನವಳ ಹತ್ರ ಅಂದ್ಬಿಟ್ಲು. ಹೂವಿನವಳಿಗೆ ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ. ನಾನು ಮಾತು ಬಿಟ್ಟೆ. ಅವಳು ಕೂರೋದು ಬಿಡ್ಲಿಲ್ಲ.

ಅದಕ್ಕೇ ಸಿದ್ದಪ್ಪನ್ನ ಕರೆಸಿದೆ. ಹಿಂದೆ ನಮ್ಮ ಒರಳುಕಲ್ಲು ಸವೆದಾಗೆಲ್ಲ ಉಳಿ ಏಟು ಹಾಕಿ ಒರಟು ಮಾಡಿಕೊಡ್ತಿದ್ದ ಕಲ್ಲುಕುಟಿಗ. ಮಿಕ್ಸಿ ಬಂದ್ಮೇಲೆ ನಾವೇ ಅವನನ್ನ ಮರೆತುಬಿಟ್ಟಿದ್ವಿ. 'ಜಗಲಿ ಮೇಲೆ ಕೂತ್ರೆ ಸೀರೆ ಹರೀಬೇಕು, ಹಾಗೆ ಮಾಡು' ಅಂದೆ. ಯಾರ ಸೀರೆ ಅಂತಾನೂ ಹೇಳಿದೆ.

ಅವನು ತಕ್ಷಣ ಉಳಿ ಎತ್ತಲಿಲ್ಲ. ಸಣ್ಣ ಸುತ್ತಿಗೇಲಿ ಆ ತುದಿಯಿಂದ ಈ ತುದಿವರೆಗೂ ತಟ್ಟಿ ಕಿವಿಗೊಟ್ಟ. 'ಬಿರುಕಿದ್ರೆ ದನಿ ಸತ್ತೋಯ್ತದೆ ಅಮ್ಮಾವ್ರೇ. ಇದು ಗಟ್ಟಿಮುಟ್ಟು' ಅಂದ. ಆಮೇಲೆ ಒಂದು ಚೊಂಬು ನೀರು ಹುಯ್ದ. ನೀರು ಸವೆದಿರೋ ಎರಡು ತಗ್ಗಲ್ಲಿ ನಿಂತ್ಕೊಳ್ತು. 'ಇದು ನಾಗರತ್ನಮ್ಮೋರ್ದು ಅನ್ನಿ. ಬಾಗಿಲ ಪಕ್ಕದ ಈ ದೊಡ್ಡದು ಯಾರ್ದು?'

ನನ್ನದು. ಹಾಲು ಉಕ್ತಿದೆ ಅಂತ ಒಳಗೆ ಹೋಗ್ಬಿಟ್ಟೆ.

ಎರಡು ದಿನ ಕೆತ್ತಿದ. ಒಂದೊಂದು ಏಟೂ ಅಕ್ಕಿಕಾಳಷ್ಟು, ಒಂದರ ಪಕ್ಕ ಒಂದು, ಸಾಲು ತಪ್ಪದೆ. ನಾನು ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು, ನಾಗರತ್ನ ಸೊಸೆಯಾಗಿ ಬಂದ ದಿನದಿಂದ ಶುರು ಮಾಡಿ ಅವಳ ಗುಣಗಾನ ಮಾಡಿದೆ. ಅವನು ಏಟಿಗೊಂದು 'ಹೂಂ' ಅಂತಿದ್ದ, ಅಷ್ಟೇ.

ಮೊದಲ ದಿನ ಕಲ್ಲುಪುಡಿ ಅಂತ ಬಾರದಿದ್ದ ನಾಗರತ್ನ, ಎರಡನೇ ದಿನ ಸಂಜೆ ಕೆಲಸ ಮುಗಿದ್ಮೇಲೆ ಬಂದ್ಲು. ನಾನು ಕಿಟಕಿ ಹಿಂದೆ ನಿಂತೆ. ಕೂತ್ಲು. ಏಳ್ಲಿಲ್ಲ. ಕಲ್ಲಿನ ಮೇಲೆ ಕೈಯಾಡಿಸಿದ್ಲು, ಕಾಲು ಚಾಚಿದ್ಲು.

'ಏನೇ, ಕಿಟಕೀಲಿ ನಿಂತಿರೋದು ಕಾಣ್ತಿದೆ ಬಾರೇ. ಇಷ್ಟು ದಿನ ಜಾರಿ ಜಾರಿ ನನ್ನ ಸೊಂಟಾನೇ ಹೋಗಿತ್ತು. ಈಗ ಎಷ್ಟು ಚೆನ್ನಾಗಿ ಹಿಡಿತ ಸಿಗ್ತಿದೆ! ನನಗೋಸ್ಕರ ಮಾಡಿಸಿದ್ಯಾ?' ಅಂದ್ಲು. ಅವಳ ಕಣ್ಣಲ್ಲಿ ನೀರು ಕಣ್ರೀ! ನಾನು ಹೂಂ ಅಂದೆ. ಕಾಫಿನೂ ಕೊಟ್ಟೆ. ರಾತ್ರಿ ಅಡಿಗೆ ಹೊತ್ತಿನವರೆಗೂ ಇಬ್ಬರೂ ಸೇರಿ ಹೂವಿನವಳನ್ನ ಬೈದ್ವಿ.

ಬೆಳಿಗ್ಗೆ ಸಿದ್ದಪ್ಪ ಬಿಟ್ಟುಹೋಗಿದ್ದ ಉಳಿ ತಗೊಳ್ಳೋಕೆ ಬಂದಾಗ ಹಿಡ್ಕೊಂಡೆ. 'ಏನಯ್ಯಾ, ಸೀರೆ ಹರಿಯೋ ಹಾಗೆ ಮಾಡು ಅಂದ್ರೆ ಸೊಂಟಕ್ಕೆ ಔಷಧಿ ಮಾಡ್ಕೊಟ್ಟಿದ್ಯಲ್ಲ! ಒರಟು ಕೆಲಸ ಮರೆತೇ ಹೋಯ್ತಾ?'

ಅವನು ಉಳಿ ಒರೆಸಿ ಚೀಲಕ್ಕೆ ಹಾಕ್ಕೊಂಡ. 'ಮರ್ತಿಲ್ಲ ಅಮ್ಮಾವ್ರೇ. ಆದ್ರೆ ಎರಡು ದಿನ ನನ್ನ ಕಿವಿ ಪಕ್ಕ ಕೂತು ಅವ್ರ ಸುದ್ದಿ ಬುಟ್ಟು ಬೇರೆ ಮಾತೇ ಆಡ್ಲಿಲ್ವಲ್ಲ ನೀವು. ಅವ್ರು ಬರೋದು ನಿಂತೋದ್ರೆ, ಸಂಜೆ ಹೊತ್ತು ನಮ್ಮನೆ ತಾವ್ಕೇ ಬಂದ್ಬುಡ್ತೀರಾ ಅಂತ ಎದರ್ಕೊಂಡೆ.'