ನನ್ನ ಹೈಬ್ರಿಡ್ ಆ್ಯಪು ನೇಯಿಸಿದ ಧಾರೆ ಸೀರೆ

ಚಳ್ಳಕೆರೆಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಗಣಿತ ಹೇಳಿದವನಿಗೆ ಒಂದು ಆ್ಯಪ್ ಮಾಡುವುದು ಯಾವ ಮಹಾ! ಬೇಸಿಗೆ ರಜೆಯಲ್ಲಿ ವಿಡಿಯೊ ನೋಡಿ ನೋಡಿ ಒಂದು ಹೈಬ್ರಿಡ್ ಆ್ಯಪನ್ನು ಲೋಕಾರ್ಪಣೆ ಮಾಡಿಯೇ ಬಿಟ್ಟೆ. ಒಳಗಿರುವುದು ವೆಬ್ ಪುಟ, ಮೇಲೆ ಫೋನ್ ಆ್ಯಪಿನ ಅಂಗಿ. ಒಮ್ಮೆ ಬರೆದರೆ ಯಾವ ಕಂಪನಿಯ ಫೋನಿನಲ್ಲಾದರೂ ಓಡಬೇಕು. ಸೀರೆಯ ಬಣ್ಣ, ಅಂಚು ಆರಿಸಿ ಒತ್ತಿದರೆ ಆರ್ಡರು ನೇರ ಮೊಳಕಾಲ್ಮೂರಿನ ನೇಕಾರರ ಫೋನಿಗೆ!

ನೇಕಾರ ತಿಪ್ಪೇಸ್ವಾಮಿಯವರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಗಲ್ಲ ಕೆರೆದುಕೊಂಡರು.

"ಅರ್ಧ ಅದು, ಅರ್ಧ ಇದು. ಅಂದ್ರೆ ಪ್ಯೂರ್ ಅಲ್ಲ, ಮಿಕ್ಸ್ ಅನ್ರಿ!"

ಅವರ ಅಜ್ಞಾನವನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಮೊದಲ ಆರ್ಡರು ನಮ್ಮದೇ. ನಾದಿನಿ ಮಂಜುಳಾಳ ಧಾರೆ ಸೀರೆ, ಹಾಲುಬಣ್ಣ, ಕೆಂಪಂಚು.

"ಒಂದ್ ಫೋನ್ ಮಾಡಿ ಹೇಳಿಬಿಡ್ರಿ," ಎಂದಳು ಹೆಂಡತಿ ಶಾರದೆ.

"ಆ್ಯಪ್ ಇರೋವಾಗ ಫೋನ್ ಯಾಕೆ?" ಎಂದೆ. ಈ ಮಾತನ್ನು ಆಕೆ ಇವತ್ತಿಗೂ ನೆಂಟರೆದುರು ಹೇಳಿ ನಗುತ್ತಾಳೆ.

ಮದುವೆಗೆ ನಾಲ್ಕು ದಿನವಿರುವಾಗ ಸೀರೆ ನನ್ನಿವಾಳದ ಮಾವನ ಮನೆಗೆ ಬಂತು. ಬೀಗರೂ ಬಂದು ಕೂತಿದ್ದರು. ಅರಿಶಿನ ಕುಂಕುಮ ಹಚ್ಚಲೆಂದು ಅತ್ತೆ ಗಂಟು ಬಿಚ್ಚಿದರು.

ಕಪ್ಪು! ಕಾಡಿಗೆಗಪ್ಪು! ಕೆಂಪಂಚೊಂದೇ ನನ್ನ ಮಾನ ಉಳಿಸಲು ಹೆಣಗುತ್ತಿತ್ತು.

"ಅಯ್ಯೋ ಸಿವ್ನೇ, ಧಾರೆಗೆ ಕರಿ ಸೀರೆನಾ?" ಎಂದು ಅತ್ತೆ ಅಲ್ಲೇ ಕುಸಿದು ಕೂತರು. ಬೀಗರು ಕೆಮ್ಮಿದರು. ಮಂಜುಳಾ ಸೆರಗನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದಳು.

ನಾನು ಮೊಳಕಾಲ್ಮೂರಿಗೆ ಓಡಿದೆ. ತಿಪ್ಪೇಸ್ವಾಮಿ ಫೋನ್ ತೋರಿಸಿದರು. ಬ್ಯಾಟರಿ ಉಳಿಯಲೆಂದು, ಪರದೆ ಕಪ್ಪಾಗುವ ಡಾರ್ಕ್ ಮೋಡಿನಲ್ಲಿ ಇಟ್ಟಿದ್ದರು. ಆ್ಯಪಿನ ಮೇಲಂಗಿ ನೆಟ್ಟಗೇ ಇತ್ತು. ಒಳಗಿನ ವೆಬ್ ಪುಟ ಮಾತ್ರ ಬಿಳಿಯನ್ನೆಲ್ಲ ಕಪ್ಪು ಮಾಡಿಕೊಂಡು ಕೂತಿತ್ತು. ಬಣ್ಣದ ಹೆಸರು? ನೋಡಿದರೆ ತಿಳಿಯುವುದಕ್ಕೆ ಹೆಸರೇಕೆಂದು ನಾನೇ ಬರೆದಿರಲಿಲ್ಲ!

"ಅನುಮಾನ ಬರ್ಲಿಲ್ವೇನ್ರಿ?"

"ಬಂತು ಸಾರ್. ಅದ್ಕೇ ನಿಮ್ ಆ್ಯಪ್ನಾಗೆ 'ಕರೆ ಮಾಡಿ' ಅಂತ ಐತಲ್ಲ, ಅದನ್ನ ಮೂರ್ ಸಲ ಒತ್ತಿದೆ. ಮೂರ್ ಸಲಾನೂ ಫೋನು ಗುರ್ರ್ ಅಂತ ನಡುಗ್ತು. ಮೇಷ್ಟ್ರು ಹೂಂ ಅಂತಾವ್ರೆ ಅಂದ್ಕಂಡೆ!"

ಕರೆ ಹೋಗಬೇಕಾದ ಗುಂಡಿಗೆ ನಾನು ಬರೀ ವೈಬ್ರೇಷನ್ ಜೋಡಿಸಿದ್ದೆ.

ಪುಣ್ಯಕ್ಕೆ ಪಕ್ಕದ ಮನೆಯ ಮಗ್ಗದಿಂದ ಆಗಷ್ಟೇ ಒಂದು ಹಾಲುಬಣ್ಣದ ಸೀರೆ ಇಳಿದಿತ್ತು. ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ. ನನ್ನಿವಾಳಕ್ಕೆ ಬಂದು ನೋಡಿದರೆ, ಮಂಜುಳಾ ಕಪ್ಪು ಸೀರೆ ಹೊದ್ದು ಕನ್ನಡಿ ಮುಂದೆ ನಿಂತಿದ್ದಾಳೆ!

"ಭಾವ, ಇದೂ ನಂಗೇ ಬೇಕು. ರಿಸೆಪ್ಷನ್‌ಗೆ!"

ಖುಷಿಗೆ ನನ್ನ ಕಣ್ಣು ತುಂಬಿ ಬಂತು.

ರಿಸೆಪ್ಷನ್ನಿನಲ್ಲಿ ಎಲ್ಲರ ಬಾಯಲ್ಲೂ ಆ ಸೀರೆಯದೇ ಮಾತು. "ಇದನ್ನ ಆರಿಸಿದ್ದು ಯಾರ್ರೀ?" ಎಂದು ಬೀಗಿತ್ತಿಯೇ ಕೇಳಿದರು. ನಾನು ಶರಟು ಸರಿಮಾಡಿಕೊಂಡು ಎದ್ದು ನಿಂತೆ. ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು:

"ನಮ್ ಅಳಿಯಂದ್ರು ತಪ್ಪು ಮಾಡಿದ್ದಕ್ಕೆ ಇಷ್ಟ್ ಚೆಂದ ಬಂತು ಕಣ್ರಮ್ಮ. ಸರಿಯಾಗಿ ಮಾಡಿದ್ದಿದ್ರೆ ಏನ್ ಗತಿ ಆಗ್ತಿತ್ತೋ!"