ಒಂದೇ ಶಾಲಿನಲ್ಲಿ ಒರೆಸಿದ ಬಲೂನುಗಳು

ಎಲ್ಲಕ್ಕೂ ಕಾರಣ ಬಲೂನಿಗೆ ಅಂಟಿದ್ದ ಬಿಳಿ ಪುಡಿ.

ಜಾಲಹಳ್ಳಿಯ ಮನೆಯ ಹಾಲ್‌ನಲ್ಲಿ ಶೀತಲ್‌ಳ ನಿಶ್ಚಿತಾರ್ಥಕ್ಕೆ ಎಲ್ಲ ಸಿದ್ಧವಾಗಿತ್ತು. ಪಕ್ಕದ ಮನೆಯ ಅಕ್ಬರಿ ಸ್ಟೂಲ್ ಹತ್ತಿ, ಪರದೆಯ ಸರಳಿನಿಂದ ಎರಡು ಕೆಂಪು ಬಲೂನುಗಳನ್ನು ಜೋಡಿಯಾಗಿ ಇಳಿಬಿಟ್ಟಿದ್ದರು. ಒಂದರ ಮೇಲೆ ‘ಶೀತಲ್’, ಇನ್ನೊಂದರ ಮೇಲೆ ‘ಶರಣು’ ಎಂದು ಬಂಗಾರದ ಅಕ್ಷರ. ಪುಡಿಯಿಂದಾಗಿ ಅಕ್ಷರ ಮಂಕಾಗಿತ್ತು. ಮಲಗುವ ಮುಂಚೆ ಗ್ಯಾಸಿನ ನಾಬ್ ಎರಡು ಸಲ ಮುಟ್ಟಿ ನೋಡುವ ಶೀತಲ್‌ಗೆ ಅದನ್ನು ಸಹಿಸಲಾಗಲಿಲ್ಲ. ಅಳಿಯನಿಗೆ ಹೊದಿಸಲೆಂದು ತಂದಿಟ್ಟಿದ್ದ ಉಣ್ಣೆಯ ಶಾಲೇ ಕೈಗೆ ಸಿಕ್ಕಿತು. ಎರಡನ್ನೂ ಫಳಫಳ ಹೊಳೆಯುವಂತೆ ಉಜ್ಜಿದಳು.

ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು, ಸಂಕ್ರಾಂತಿ ಮುಗಿದ ಒಣಹವೆಯಲ್ಲಿ ಮಾಡಬಾರದ ಕೆಲಸ. ಆದರೆ ಅಂಥ ದಿನ ಸಿಲಬಸ್ ಯಾರಿಗೆ ನೆನಪಿರುತ್ತದೆ? ಅವಳ ತಲೆಯಲ್ಲಿ ಶರಣು ಇದ್ದ. ಯಲಹಂಕದ ಹೋಟೆಲಿನಲ್ಲಿ ಮೊದಲ ಸಲ ಭೇಟಿಯಾದಾಗ, ಅವಳು ಕಾಫಿ ಅರ್ಧಕ್ಕೇ ಬಿಟ್ಟು “ಗ್ಯಾಸ್ ಆಫ್ ಮಾಡಿದೀನೋ ಇಲ್ವೋ” ಎಂದು ಗಾಬರಿಯಾದರೆ, ನಗದೆ, “ಬನ್ನಿ, ನೋಡ್ಕೊಂಡೇ ಬರೋಣ” ಎಂದು ಬೈಕ್ ಹೊರಡಿಸಿದವನು. ಇಂಥವನು ಇನ್ನೊಬ್ಬ ಸಿಗಲಾರ ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಸಂಬಂಧ ತಂದವಳು ಸೋದರತ್ತೆ ರತ್ನಕ್ಕ. ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ: “ಎಲ್ಲಾ ವಿಚಾರ್ಸಿದೀನಿ, ಸುಮ್ನಿರಿ.”

ಬಾಗಲಕೋಟೆ ಕಡೆಯಿಂದ ಗಂಡಿನವರು ಬಂದರು. ಮುಂದೆ ಶರಣುವಿನ ಅಜ್ಜಿ ಪಾರವ್ವ, ಹಿಂದೆ ಉಳಿದವರು. ಪಾರವ್ವ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು ಬಲೂನುಗಳನ್ನೇ ನೋಡಿದಳು.

“ಇದೇನ್ ಯವ್ವಾ? ಹುಡುಗಿ ಬಲೂನು ಹುಡುಗನ್ನ ಕಂಡ್ರ ಮಾರಿ ತಿರುವಾಕತ್ತೈತಿ!”

ಎಲ್ಲರೂ ತಲೆಯೆತ್ತಿದರು. ಜೋಡಿಯಾಗಿ ಕಟ್ಟಿದ್ದ ಬಲೂನುಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಆಚೆಗೊಂದು ಈಚೆಗೊಂದು ವಾಲಿ ನಿಂತಿದ್ದವು.

“ದಾರ ದೂರ ಆಗಿದೆ, ಅಷ್ಟೇಯಾ,” ಎಂದು ಅಕ್ಬರಿ ಮತ್ತೆ ಸ್ಟೂಲ್ ಹತ್ತಿ ಗಂಟುಗಳನ್ನು ಹತ್ತಿರಕ್ಕೆ ತಂದರು. ಬಲೂನುಗಳು ಇನ್ನೂ ಸಿಟ್ಟಿನಿಂದ ದೂರ ಹಾರಿದವು.

“ಅಪಶಕುನ,” ಎಂದು ಹಿಂದಿನಿಂದ ಯಾರೋ ಗೊಣಗಿದರು.

ಶೀತಲ್‌ಗೆ ಆಗ ತಾನು ಮಾಡಿದ್ದು ಹೊಳೆಯಿತು. ಒದ್ದೆ ಬಟ್ಟೆ ತರಲು ಅಡುಗೆಮನೆಗೆ ಓಡಿದಳು. ಬರುವಷ್ಟರಲ್ಲಿ ರತ್ನಕ್ಕ, “ಏನೋ ಧೂಳಿರ್ಬೇಕು,” ಎನ್ನುತ್ತಾ ಅದೇ ಶಾಲಿನಿಂದ ಎರಡನ್ನೂ ಎಮ್ಮೆಯ ಮೈ ತಿಕ್ಕಿದಂತೆ ತಿಕ್ಕುತ್ತಿದ್ದಳು. ಕೈಬಿಟ್ಟದ್ದೇ ತಡ, ‘ಶರಣು’ ಬಲೂನು ಜೋಲಿ ಹೊಡೆದು ಪಾರವ್ವನ ಸೆರಗಿಗೆ ಅಂಟಿಕೊಂಡಿತು. ಅವಳು ಕೊಡವಿದಳು. ಅದು ಬಿಡಲಿಲ್ಲ.

“ನೋಡ್ರೀ, ಹುಡುಗ ಇನ್ನೂ ಅಜ್ಜಿ ಸೆರಗೇ ಬಿಟ್ಟಿಲ್ಲ!” ರತ್ನಕ್ಕನ ಬಾಯಿ ತಡೆಯಲಿಲ್ಲ.

“ಏನಂದಿ?” ಪಾರವ್ವ ಎದ್ದು ನಿಂತಳು. ಬಲೂನೂ ಅವಳ ಜೊತೆಗೇ ಎದ್ದಿತು. “ಶರಣೂ, ನಡಿ ಊರಿಗೆ!”

ಶೀತಲ್‌ಳ ತಂದೆ ಗುರುಪಾದಪ್ಪ ಕೈಮುಗಿದು ಅಡ್ಡ ನಿಂತರು. ಇನ್ನು ಸುಮ್ಮನಿದ್ದರೆ ಕೆಟ್ಟಿತೆಂದು ಶೀತಲ್ ಒದ್ದೆ ಬಟ್ಟೆ ಬಿಸಾಡಿ ಮುಂದೆ ಬಂದಳು.

“ಅಜ್ಜಿ, ಶಕುನ ಅಲ್ಲ ಇದು, ಪಾಠ. ಕೂತ್ಕೊಳಿ, ತೋರಿಸ್ತೀನಿ.”

ಸೆರಗಿಗೆ ಅಂಟಿದ ಬಲೂನನ್ನು ಮೆಲ್ಲಗೆ ಬಿಡಿಸಿ, ಅಂಗೈಯಲ್ಲಿ ಹರಿದಿಟ್ಟುಕೊಂಡ ಕಾಗದದ ಚೂರುಗಳ ಮೇಲೆ ಹಿಡಿದಳು. ಚೂರುಗಳು ಪುಟಪುಟನೆ ಹಾರಿ ಅಂಟಿದವು. ಪಾರವ್ವನ ಬಾಯಿ ತೆರೆಯಿತು. ಶೀತಲ್‌ಗೆ ಕ್ಲಾಸಿನ ಹುರುಪೇ ಬಂದುಬಿಟ್ಟಿತು.

“ಉಣ್ಣೆಯಿಂದ ಉಜ್ಜಿದ್ರೆ ಬಲೂನಿಗೆ ವಿದ್ಯುತ್ ಬರತ್ತೆ ಅಜ್ಜಿ. ಎರಡನ್ನೂ ಒಂದೇ ಶಾಲಲ್ಲಿ ಉಜ್ಜಿದೀವಿ, ಎರಡಕ್ಕೂ ಬಂದಿದ್ದು ಒಂದೇ ಜಾತಿ ವಿದ್ಯುತ್. ಬೇರೆ ಬೇರೆ ಆದ್ರೆ ಸೇರ್ತವೆ. ಒಂದೇ ಆದ್ರೆ ದೂರ ತಳ್ತವೆ. ಅದು ಪ್ರಕೃತಿ ನಿಯಮ.”

“ಸಾಕು ಮೇಡಂ,” ಎಂದು ಶರಣು ಮೆಲ್ಲಗೆ ಕೆಮ್ಮಿದ. ಆದರೆ ಪಾಠವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಶೀತಲ್‌ಗಿರಲಿಲ್ಲ.

“ಒಂದೇ ಮೂಲದ್ದು ಒಂದನ್ನೊಂದು ಸೇರಲ್ಲ ಅಜ್ಜಿ. ಯಾರು ಎಷ್ಟು ಹತ್ತಿರ ಕಟ್ಟಿದ್ರೂ ಸೇರಲ್ಲ!”

ಪಾರವ್ವ ಮೆಚ್ಚಿ ತಲೆದೂಗಿದಳು. “ಖರೇ ಐತಿ. ನಮ್ಮ ಹಿರ್ಯಾರೂ ಅದನ್ನ ಹೇಳ್ಯಾರ. ಒಂದ ಮೂಲದಾವು ಕೂಡಬಾರ್ದು...” ತಲೆ ಅಲ್ಲಾಡುವುದು ಸಟ್ಟನೆ ನಿಂತಿತು. “ಗುರುಪಾದಪ್ಪಾ, ನಿಮ್ಮ ಗೋತ್ರ ಯಾವ್ದು?”

“ನಂದಿ. ಯಾಕ್ರೀ? ರತ್ನಿ ಹೇಳಿಲ್ವಾ?”

“ನಮ್ದೂ ನಂದಿನ!”

ಎಲ್ಲರೂ ರತ್ನಕ್ಕನತ್ತ ತಿರುಗಿದರು. ಅವಳು ಶಾಲನ್ನು ಮಡಿಚುತ್ತಾ, “ಸಂಬಳ ಕೇಳ್ದೆ, ಸೈಟ್ ಕೇಳ್ದೆ, ಶುಗರ್ ಇದೆಯಾ ಅಂತಾನೂ ಕೇಳ್ದೆ... ಗೋತ್ರ ಅವರು ಕೇಳಿರ್ತಾರೆ ಅನ್ಕೊಂಡೆ,” ಎಂದಳು.

“ನಾವು ನೀ ಕೇಳಿರ್ತಿ ಅಂತ ಅನ್ಕೊಂಡ್ವಿ,” ಎಂದಳು ಪಾರವ್ವ. ಆಮೇಲೆ ಶೀತಲ್‌ಳ ಕೆನ್ನೆ ಸವರಿದಳು. “ಭಾಳ ಶಾಣ್ಯಾ ಹುಡುಗಿ ಯವ್ವಾ ನೀ. ಸಗೋತ್ರದಾಗ ಕೊಡೂದು ತಪ್ಪಿಸಿದಿ.”

“ಅಜ್ಜಿ, ಅದು ಬಲೂನಿಗೆ ಮಾತ್ರ...”

“ಪ್ರಕೃತಿ ನಿಯಮ ಅಂದಿಯಲ್ಲಾ, ನೀನ?”

ಗಂಡಿನವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕೈತೊಳೆದು, ಬೇಸರವಿಲ್ಲದೆ ಹೊರಟರು. ಶರಣು ಬಾಗಿಲಲ್ಲಿ ತಿರುಗಿ ನೋಡಿ, “ಗ್ಯಾಸ್ ಆಫ್ ಮಾಡಿದೀರಾ ನೋಡ್ಕೊಳಿ,” ಎಂದ.

ಸಂಜೆ ಅಕ್ಬರಿ ಸ್ಟೂಲ್ ಒಯ್ಯಲು ಬಂದರು. ಅಷ್ಟರಲ್ಲಿ ವಿದ್ಯುತ್ತೆಲ್ಲ ಸೋರಿಹೋಗಿ, ಬಲೂನುಗಳು ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ತೂಗುತ್ತಿದ್ದವು.

“ಅಯ್ಯೋ ನೋಡಮ್ಮಾ, ಈಗ ಎಷ್ಟು ಚೆನ್ನಾಗಿ ಕೂಡ್ಕೊಂಡಿವೆ!”

ಶೀತಲ್ ತಲೆಯೆತ್ತಿ ನೋಡಿದಳು.

“ಆಂಟಿ, ನಿಮ್ಹತ್ರ ಒಂದು ಪಿನ್ ಇದ್ಯಾ?”