ನಾಗಪತಿಯ ಬುಷ್ ವಿಮೋಚನೆ

ಗ್ಯಾರೇಜಿನವರ ಮರ್ಜಿ ಕಾಯುವವನು ಗಂಡಸೇ ಅಲ್ಲ ಎಂಬುದು ಕಾಗಾಲದ ನಾಗಪತಿಯ ಹೊಸ ಸಿದ್ಧಾಂತ. ಕುಮಟೆಯ ಸೊಸೈಟಿಯೊಂದರಲ್ಲಿ ಗುಮಾಸ್ತನಾದ ಅವನ ಬಳಿ ಎಂಥ ಗುಡ್ಡವನ್ನಾದರೂ ಹತ್ತಬಲ್ಲ ಹಳೆಯ ಜೀಪಿತ್ತು. ಅದು ಈವರೆಗೆ ಹತ್ತಿದ ಮಹಾಪರ್ವತವೆಂದರೆ ಮೀನು ಮಾರ್ಕೆಟ್ಟಿನ ಎದುರಿನ ರೋಡ್ ಹಂಪ್! ಈಚೆಗೆ ಅಲ್ಲಿಯೂ ಹಳೇ ತೊಟ್ಟಿಲಿನಂತೆ ಕಿರುಗುಟ್ಟತೊಡಗಿತ್ತು. ಚಕ್ರದ ಮೇಲಿನ ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಯ, ತುದಿಯಲ್ಲಿ ಕೂತ ರಬ್ಬರಿನ ಬುಷ್ ಸವೆದಿದೆ, ಅದನ್ನು ಕಿತ್ತು ಹೊಸದು ಹಾಕಿದರಾಯಿತು ಎಂದು ಮೊಬೈಲಿನಲ್ಲಿ ಯಾವನೋ ಗಡ್ಡದವನು ತೋರಿಸಿದ್ದ. ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಿದ್ದ.

ನಾಗಪತಿ ಇದಕ್ಕೆ ಆರಿಸಿಕೊಂಡ ಮುಹೂರ್ತ, ನಾದಿನಿ ಪ್ರಣಿತಾಳ ನಿಶ್ಚಿತಾರ್ಥದ ದಿನ. ಸಮಾರಂಭ ಸಂತೆಗುಳಿಯಲ್ಲಿ. ವರನಿಗೆ ತೊಡಿಸುವ ಉಂಗುರ ಹೆಂಡತಿ ಸುಚಿತಾಳ ಪರ್ಸಿನಲ್ಲಿ. ಮಾವನ ಮನೆಯಂಗಳಕ್ಕೆ ಜೀಪು ಸದ್ದಿಲ್ಲದೆ ತೇಲಿ ಬರಬೇಕೆಂದು ಅವನ ಆಸೆ.

"ಇವತ್ತೇ ಬಿಚ್ಚೂಕೆ ಎಂತ ಅವಸರ? ಕಿರುಗುಟ್ಟಿದ್ರೂ ಓಡ್ತದಲ್ಲ" ಎಂದಳು ಸುಚಿತಾ.

"ನೀ ಸೀರೆ ಉಡೂದ್ರೊಳಗೆ ಆತು" ಎಂದು ನಾಗಪತಿ ಜಾಕ್ ಏರಿಸಿದ.

ಬೋಲ್ಟು ಬಂತು. ಬುಷ್ ಬರಲಿಲ್ಲ. ವರ್ಷಾನುಗಟ್ಟಲೆ ಕಡಲ ಗಾಳಿ ಕುಡಿದು ಅದು ಕಬ್ಬಿಣದೊಂದಿಗೆ ಅವಿಭಕ್ತ ಕುಟುಂಬವಾಗಿತ್ತು. ಸುತ್ತಿಗೆಯಿಂದ ಬಡಿದ, ಹೆಬ್ಬೆರಳು ಊದಿತು. ಸುಚಿತಾ ತಲೆಗೆ ಹಾಕುವ ಎಣ್ಣೆ ಸುರಿದ; ಬುಷ್ ಘಮಘಮಿಸಿತು, ಅಲುಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಲಿಂಗಪ್ಪ ಕುರ್ಚಿ ತಂದು ಹಾಕಿಕೊಂಡು, ಬೆಂಕಿ ಕೊಟ್ಟರೆ ರಬ್ಬರು ತಾನಾಗಿ ಕರಗಿ ಬರುತ್ತದೆಂದು ಅಪ್ಪಣೆ ಕೊಡಿಸಿದ. ಸೈಕಲ್ಲಿಗಿಂತ ದೊಡ್ಡ ವಾಹನ ಕಂಡವನಲ್ಲ ಲಿಂಗಪ್ಪ. ಆದರೆ ಸಲಹೆಗೆ ಲೈಸೆನ್ಸ್ ಬೇಡವಲ್ಲ!

ಸೀಮೆಎಣ್ಣೆಯ ಬಟ್ಟೆಗೆ ಕಡ್ಡಿ ಗೀರಿದ್ದೇ ತಡ, ಕರಿಹೊಗೆ ಎದ್ದು ಕೇರಿಯವರು ಒಣಹಾಕಿದ ಹಪ್ಪಳಗಳ ಮೇಲೆಲ್ಲ ಹರಡಿತು. ಮನೆಗೆ ಬೆಂಕಿ ಬಿತ್ತೆಂದು ಜನ ಕೊಡ ಹಿಡಿದು ಓಡಿ ಬಂದರು. ಬಂದವರು ನೀರು ಹೊತ್ತು ಸುಮ್ಮನೆ ಹಿಂದಿರುಗುತ್ತಾರೆಯೇ? ನಾಗಪತಿಗೆ ಅಭಿಷೇಕವಾಯಿತು. ಹೊಗೆ ತಿಳಿಯಾದಾಗ ಅರ್ಧ ಕರಗಿದ ಬುಷ್ ಡಾಂಬರಿನಂತೆ ಅಲ್ಲೇ ಅಂಟಿತ್ತು. ಹೀಗಾಗುತ್ತದೆಂದು ತನಗೆ ಮೊದಲೇ ಗೊತ್ತಿತ್ತೆಂದು ಹೇಳಿ ಲಿಂಗಪ್ಪ ಕುರ್ಚಿ ಎತ್ತಿಕೊಂಡು ಹೋದ.

ರೇಷ್ಮೆ ಸೀರೆಯುಟ್ಟು ಹೊರಬಂದ ಸುಚಿತಾ ಮೂರು ಕಾಲಲ್ಲಿ ನಿಂತ ಜೀಪನ್ನೂ, ಅದರಡಿಯಿಂದ ತೆವಳಿ ಬಂದ ಗಂಡನನ್ನೂ ನೋಡಿದಳು. ರಸ್ತೆಗೆ ಹೋಗಿ, ಸಂತೆಗುಳಿ ಕಡೆ ಮೀನು ಒಯ್ಯುತ್ತಿದ್ದ ಗೂಡ್ಸ್ ರಿಕ್ಷಾಕ್ಕೆ ಕೈ ಅಡ್ಡ ಹಿಡಿದಳು. ಡ್ರೈವರ್ ಪಕ್ಕದಲ್ಲಿ ಅವಳು, ಉಂಗುರ. ಹಿಂದೆ ಬಂಗಡೆ ಪೆಟ್ಟಿಗೆಗಳ ನಡುವೆ ನಾಗಪತಿ.

ಪುರೋಹಿತರು ಎರಡನೇ ಸಲ ಗಡಿಯಾರ ನೋಡುವಾಗ ಇಬ್ಬರೂ ತಲುಪಿದರು. ಉಂಗುರ ಬೆರಳು ಸೇರಿತು. ನಾಗಪತಿ ಮೂಗು ಮುಚ್ಚಿಕೊಂಡವರಿಂದ ದೂರ ಕೂತು, ಬದುಕಿದೆ ಎಂದುಕೊಂಡ. ಆದರೆ ತಡವಾದದ್ದೇಕೆಂದು ಮಾವ ಮಾಬ್ಲ ಕೇಳಿದಾಗ ಸುಚಿತಾ, ಇವರು ಜೀಪಿನ ಬುಷ್ ತೆಗೆಯುತ್ತಿದ್ದರು ಎಂದಷ್ಟೇ ಹೇಳಿದಳು. ಮಾಬ್ಲನಿಗೆ ಎದೆಯುಬ್ಬಿತು. ತನ್ನ ಅಳಿಯ ಸ್ವತಃ ರಿಪೇರಿ ಮಾಡಬಲ್ಲವನೆಂದು ಬೀಗರೆದುರು ಸಾರಿದ. ಬೀಗರು ಬಂದದ್ದೂ ಹಳೇ ಜೀಪಿನಲ್ಲೇ. ಅದೂ ದಾರಿಯುದ್ದಕ್ಕೂ ಕಿರುಗುಟ್ಟಿತ್ತಂತೆ. ನೋಡನೋಡುತ್ತ ಸುತ್ತಿಗೆ ಬಂತು, ಜಾಕ್ ಬಂತು, ನೆಂಟರೆಲ್ಲ ಸುತ್ತ ನೆರೆದರು.

ನಾಗಪತಿ ಊದಿದ ಹೆಬ್ಬೆರಳು ನೋಡಿಕೊಂಡ.

"ಮಾವ, ನಂಗೆ ಬರೂದಿಲ್ಲ."

ಗುಂಪಿನ ಹಿಂದಿನಿಂದ ಸುಚಿತಾಳ ದನಿ ಕೇಳಿತು: "ಈ ಒಂದು ಮಾತು ಬೆಳಿಗ್ಗೆ ಬಂದಿದ್ರೆ, ಜೀಪಲ್ಲೇ ಬರೂಕಾಗ್ತಿತ್ತು."